ನಮ್ಮ ನೋವು, ನಿಮ್ಮ ಪ್ರಾಜೆಕ್ಟು

ನನ್ನ ಕಾಕನ ಮಗ ಬೆಂಗಳೂರಿನ ಒಂದು ಡಿಸೈನ್ ಕಾಲೇಜಿನ ಗೇಟು ಕಾಯುತ್ತಾನೆ. ಒಂದು ಸಂಜೆ ಫೋನ್ ಮಾಡಿದ. “ಅಣ್ಣಾ, ಇಲ್ಲಿ ಹುಡುಗ್ರು ವರ್ಷದ ಕೊನೀಗೆ ತಾವು ಮಾಡಿದ್ದೆಲ್ಲಾ ಗ್ವಾಡೀಗೆ ಹಚ್ಚ್ಯಾರ. ಅದರಾಗ ದೊಡ್ಡವ್ವನ ಫೋಟೋ ಐತಿ. ಬಂದ್ ನೋಡು.”

ಹೋದೆ. ನಿಜ. ನನ್ನ ಅವ್ವ ಆಳೆತ್ತರದ ಚಿತ್ರವಾಗಿ ಗೋಡೆಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಚಪ್ಪಲಿ, ಕೈಯಲ್ಲಿ ಉಳಿ. ಹಿಂದೆ ಅಥಣಿ ತಾಲ್ಲೂಕಿನ ನಮ್ಮ ಕೇರಿಯ ತಗಡಿನ ಮನೆ. ಬೆಳಕು ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ ನಮ್ಮ ಬಡತನ ನನಗೇ ಇಷ್ಟವಾಗಿಬಿಡುವ ಹಾಗಿತ್ತು. ಕೆಳಗೆ ಅವ್ವನ ಹೆಸರಿರಲಿಲ್ಲ. ಬೇರೆ ಯಾವುದೋ ಹೆಸರಿತ್ತು. ವಯಸ್ಸು 45. ಕಸುಬು: ಕುಶಲಕರ್ಮಿ. ಸ್ವಭಾವ: ಸ್ಮಾರ್ಟ್‌ಫೋನ್ ಕಂಡರೆ ಭಯ. ಪಕ್ಕದಲ್ಲಿ ಮೂರು ಕೆಂಪು ಚುಕ್ಕೆ, ಒಂದೊಂದು ಚುಕ್ಕೆಗೂ ಒಂದೊಂದು ‘ಪೇನ್ ಪಾಯಿಂಟ್’. ಮಾರುಕಟ್ಟೆಯ ಅರಿವಿಲ್ಲ, ತಂತ್ರಜ್ಞಾನ ಬಾರದು, ಡಿಸೈನ್ ಹಳೆಯದು.

ದಿನಾ ರಾತ್ರಿ ಅದೇ ಫೋನಿನಲ್ಲಿ ಮುಖ ತೋರಿಸಿ “ಉಂಡ್ಯಾ?” ಅಂತ ಕೇಳುವ ಅವ್ವನಿಗೆ ಫೋನು ಕಂಡರೆ ಭಯವಂತೆ!

ಚಿತ್ರದ ಮುಂದೆ ಒಂದು ಮೇಜು, ಮೇಜಿನ ಮೇಲೆ ಒಂದು ಫೋನು, ಫೋನಿನೊಳಗೆ ಅವ್ವನ ‘ನೋವಿನ ಚುಕ್ಕೆ’ಗಳನ್ನು ಅಳಿಸುವ ಆ್ಯಪು. ಅದರ ಹಣೆಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ‘ಚಪ್‌ಪಲಿ’ ಎಂದಿತ್ತು. ಒತ್ತಕ್ಷರ ಮುರಿದು ಬಿದ್ದಿತ್ತು. ಕನ್ನಡ ಓದಬಲ್ಲ ಒಬ್ಬ ಮನುಷ್ಯನೂ ಅದನ್ನು ನೋಡದೆ ಅದು ಅಲ್ಲಿಯವರೆಗೆ ಬಂದಿತ್ತು. ‘ಖರೀದಿಸಿ’ ಎಂಬ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಅಲ್ಲಿದ್ದ ಹುಡುಗ ನಗುತ್ತಾ ಹೇಳಿದ: “ಸರ್, ಅದು ಪ್ರೊಟೊಟೈಪ್. ಸ್ಕ್ರೀನ್ ಮಾತ್ರ. ಹಿಂದೆ ಏನೂ ಇಲ್ಲ.”

ಹಿಂದೆ ಏನೂ ಇಲ್ಲ! ಗೆಳೆಯರೇ, ನನ್ನ ತಕರಾರೆಲ್ಲ ಈ ಒಂದು ಮಾತಿನಲ್ಲಿದೆ.

ಊರಿಗೆ ಹೋಗಿ ಅವ್ವನನ್ನು ಕೇಳಿದೆ. “ಹೌದಪ್ಪಾ, ಒಬ್ಬ ಹುಡುಗಿ ಬಂದಿತ್ತು. ಮೂರು ದಿನ ಇತ್ತು. ಪಾಪ, ಚೊಲೋ ಹುಡುಗಿ. ರೊಟ್ಟಿ ತಿಂತು, ನೀರು ಕುಡೀತು. ಕುಡದದ್ದನ್ನೂ ಬರಕೊಂತು.” ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಮಾಡಿದ್ದು ಆಕೆಗೆ ಕಲಿಸಿದ್ದನ್ನು. ಮೊದಲು ‘ಎಂಪಥಿ’, ಅಂದರೆ ಇನ್ನೊಬ್ಬರ ನೋವಿನೊಳಗೆ ಹೋಗು. ಆಮೇಲೆ ಸಮಸ್ಯೆ ಹೆಸರಿಸು. ಆಮೇಲೆ ‘ಪರ್ಸೋನಾ’ ಕಟ್ಟು. ಪರ್ಸೋನಾ ಎಂದರೆ, ಮಾಡುವ ವಸ್ತುವನ್ನು ಬಳಸುವವರು ಇಂಥವರಿರಬಹುದು ಎಂದು ಕಟ್ಟಿಕೊಳ್ಳುವ ಕಲ್ಪಿತ ಮನುಷ್ಯ. ಸಾಫ್ಟ್‌ವೇರ್ ಲೋಕಕ್ಕೆ ಇದನ್ನು ಹಬ್ಬಿಸಿದ್ದು ಅಮೆರಿಕದ ಅಲನ್ ಕೂಪರ್ 1999ರಲ್ಲಿ ಬರೆದ ಪುಸ್ತಕ. ಬದುಕಿರುವ ನನ್ನ ಅವ್ವನನ್ನು ಕಲ್ಪಿತ ಮನುಷ್ಯಳನ್ನಾಗಿ ಮಾಡಿದ ವಿದ್ಯೆ ಇದು. ಮೂರು ದಿನದ ಎಂಪಥಿ, ನಾಲ್ಕು ವಾರದ ಪ್ರಾಜೆಕ್ಟು, ಒಂದು ದಿನದ ಜ್ಯೂರಿ. ಮಾರ್ಕ್ಸು ಅವರಿಗೆ; ಬಿಹ್ಯಾನ್ಸ್‌ನಲ್ಲಿ ಹಾಕಿದ ಚಿತ್ರಕ್ಕೆ ಬಂದ ಮೆಚ್ಚುಗೆ ಅವರಿಗೆ; ಅದನ್ನು ತೋರಿಸಿ ಸಿಕ್ಕ ನೌಕರಿ ಅವರಿಗೆ. ಅವ್ವನಿಗೆ? ಹಿಂದೆ ಏನೂ ಇಲ್ಲ.

ಆ ಮೂರು ಚುಕ್ಕೆಗಳಲ್ಲಿ ಬಾರದ ಚುಕ್ಕೆಗಳನ್ನು ನಾನು ಹೇಳುತ್ತೇನೆ, ಬರೆದುಕೊಳ್ಳಿ. ಮಹಾರಾಷ್ಟ್ರದಲ್ಲಿ 2015ರಲ್ಲಿ, ನಮ್ಮಲ್ಲಿ 2021ರಲ್ಲಿ ಜಾನುವಾರು ಹತ್ಯೆ ನಿಷೇಧದ ಕಾನೂನು ಬಿಗಿಯಾಯಿತು. ತೊಗಲು ಸಾಗಿಸುವವನ ಎದೆ ಹೊಡೆದುಕೊಳ್ಳುತ್ತದೆ. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದ ನಮ್ಮ ಹುಡುಗರನ್ನು ಗಾಡಿಗೆ ಕಟ್ಟಿ ಬಡಿದರಲ್ಲ, ಅದು ಯಾವ ‘ಪೇನ್ ಪಾಯಿಂಟ್’? ಜಾಲಿ ತೊಗಟೆಯಲ್ಲಿ ಹದ ಮಾಡುವವರು ನಮ್ಮವರು, ಹಾಸು ಕತ್ತರಿಸುವವರು ನಮ್ಮವರು, ಪಟ್ಟಿಗೆ ಜಡೆ ಹೆಣೆಯುವವರು ನಮ್ಮ ಹೆಣ್ಣುಮಕ್ಕಳು. ಬೆಲೆ ಕಟ್ಟುವವನು ಮಾತ್ರ ಬೇರೆಯವನು. ಇದು ‘ಮಾರುಕಟ್ಟೆಯ ಅರಿವಿಲ್ಲ’ದ ಮಾತಲ್ಲ ಸ್ವಾಮಿ. ಮಾರುಕಟ್ಟೆ ಏನೆಂದು ನಮಗೆ ಚೆನ್ನಾಗಿ ಅರಿವಿದೆ. ಅದರ ಹೊಸ್ತಿಲಾಚೆ ನಮ್ಮನ್ನು ಬಿಟ್ಟಿಲ್ಲ, ಅಷ್ಟೆ.

ಇನ್ನು ‘ಡಿಸೈನ್ ಹಳೆಯದು’ ಎಂಬ ಮೂರನೇ ಚುಕ್ಕೆ. ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕೊಲ್ಹಾಪುರಿ ಎಂದು ಹೆಸರು; ಆದರೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಅದರಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ರೂಪದ ಚಪ್ಪಲಿಯನ್ನು ಗಂಡಸರ ಕಾಲಿಗೆ ಹಾಕಿ ನಡೆಸಿತು. ಎಲ್ಲಿಯದೆಂದು ಹೇಳಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಅದೇ ಡಿಸೆಂಬರಿನಲ್ಲಿ ಎರಡು ರಾಜ್ಯಗಳ ಚರ್ಮೋದ್ಯೋಗ ನಿಗಮಗಳ ಜೊತೆ ಒಪ್ಪಂದವಾಯಿತು: 2,000 ಜೋಡಿ, ಜೋಡಿಗೆ ಸುಮಾರು 800 ಯುರೋ. ನಮ್ಮ ಕೇರಿಯಲ್ಲಿ ‘ಹಳೆಯದು’ ಎಂದು ಕೆಂಪು ಚುಕ್ಕೆ ಇಟ್ಟದ್ದು ಮಿಲಾನಿನಲ್ಲಿ ಹೊಸದಾಯಿತು! ಹಾಗಾದರೆ ಹಳೆಯದಾಗಿದ್ದು ಚಪ್ಪಲಿಯೋ, ಅದನ್ನು ಹೊಲಿದ ಜಾತಿಯೋ?

ಈ ಪ್ರಶ್ನೆಯನ್ನು ನಮ್ಮ ದೇಶದ ಡಿಸೈನ್ ಶಿಕ್ಷಣ ಹುಟ್ಟಿದ ದಿನವೇ ಕೇಳಬೇಕಿತ್ತು. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರ ಹಿಂದೆಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಬಂತು. ಆ ವರದಿ ನಮ್ಮ ಚೊಂಬನ್ನು ಮನಸಾರೆ ಹೊಗಳಿತು. ಇದನ್ನು ಒಬ್ಬ ಮಾಡಿದ್ದಲ್ಲ, ತಲೆಮಾರುಗಳು ಮಾಡಿದ್ದು ಎಂದಿತು. ಒಳ್ಳೆಯ ಮಾತು. ಆದರೆ ಅದಕ್ಕೂ 31 ವರ್ಷ ಮೊದಲು, 1927ರಲ್ಲಿ, ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಎತ್ತಿದ್ದರು. ಚೊಂಬು ಎಷ್ಟು ಅಂದವಾಗಿದ್ದರೇನು, ಅದನ್ನು ಮುಟ್ಟುವ ಕೈ ಯಾವುದು, ದೂರ ನಿಂತು ಬೊಗಸೆ ಒಡ್ಡುವ ಕೈ ಯಾವುದು ಎಂದು ಯಾವ ಡಿಸೈನ್ ತರಗತಿ ಕಲಿಸುತ್ತದೆ? ಜಾತಿಗಿಂತ ಗಟ್ಟಿಯಾದ ಡಿಸೈನ್ ಈ ದೇಶದಲ್ಲಿ ಇನ್ನೊಂದಿದೆಯೇ? ಊರು ಎಲ್ಲಿ, ಕೇರಿ ಎಲ್ಲಿ, ಬಾವಿ ಎಲ್ಲಿ, ಗುಡಿಯ ಬಾಗಿಲು ಯಾವ ದಿಕ್ಕಿಗೆ, ಎಲ್ಲವೂ ನಕ್ಷೆ ಹಾಕಿ ಕಟ್ಟಿದ್ದು. ಆ ನಕ್ಷೆ ಬರೆದವರ ಮೊಮ್ಮಕ್ಕಳು ಇವತ್ತು ನಮ್ಮ ಮನೆಗೆ ಬಂದು ‘ನಿಮ್ಮ ಸಮಸ್ಯೆ ಏನು ಆಂಟಿ?’ ಅಂತ ಕೇಳುತ್ತಾರೆ.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ಮೈಸೂರು ಹೊತ್ತಿ ಉರಿಯಿತು. ಇವತ್ತು ಈ ಗೋಡೆಗಳ ಮುಂದೆ ನಿಂತು ಅದೇ ಮಾತನ್ನು ಹೇಳಬೇಕಾಗಿದೆ. ಇಲ್ಲೂ ಬಹಳಷ್ಟು ಬೂಸಾ.

“ಅಯ್ಯೋ ಬಿಡಿ, ಇನ್ನೂ ವಿದ್ಯಾರ್ಥಿಗಳು, ಕಲೀತಾ ಇದ್ದಾರೆ” ಅಂತ ಒಬ್ಬ ಪ್ರಾಧ್ಯಾಪಕರು ನನಗೆ ಬುದ್ಧಿ ಹೇಳಿದರು. ಡಾಕ್ಟರಿಕೆ ಕಲಿಯುವ ಹುಡುಗರೂ ಬಡವರ ಮೈಮೇಲೆಯೇ ಕಲಿಯುತ್ತಾರೆ ಸಾರ್. ಆದರೆ ಅಲ್ಲಿ ರೋಗಿಗೆ ಒಂದು ಗುಳಿಗೆಯಾದರೂ ಸಿಗುತ್ತದೆ. ಕಲಿತು ಹೊರಗೆ ಹೋದ ಹಳೆಯ ವಿದ್ಯಾರ್ಥಿಗಳಾದರೂ ಏನು ಮಾಡುತ್ತಿದ್ದಾರೆ? ಊಟ ತಂದುಕೊಡುವ ಹುಡುಗನ ಫೋನಿನಲ್ಲಿ ನಿಮಿಷ ಎಣಿಸುವ ಗಡಿಯಾರವನ್ನು ಬಿಡಿಸಿದ ಕೈ ಡಿಸೈನ್ ಕಲಿತ ಕೈ. ಅವನ ಒಂದು ದಿನದ ಬೆವರನ್ನು ಐದು ನಕ್ಷತ್ರಗಳಲ್ಲಿ ಅಳೆಯುವ ಪರದೆಯನ್ನು ಮಾಡಿದ್ದೂ ಅದೇ ಕೈ. ಆ ಹುಡುಗರ ಸಾಮಾಜಿಕ ಭದ್ರತೆಗೆ ಕರ್ನಾಟಕದಲ್ಲಿ ಒಂದು ಕಾಯಿದೆ ಬರಲು 2025ರವರೆಗೆ ಕಾಯಬೇಕಾಯಿತು. ಕಾಲೇಜಿನಲ್ಲಿ ಎಂಪಥಿ, ಕಂಪನಿಯಲ್ಲಿ ಗಡಿಯಾರ!

ಡಿಜಿಟಲ್ ಡಿಸೈನೇ ಬೇಡ ಎನ್ನುವ ಮೂರ್ಖ ನಾನಲ್ಲ. ರೂಪ ಕೊಡುವ ವಿದ್ಯೆ ಜನರ ಕೈಗೆ ಬಲ ಕೊಟ್ಟ ಉದಾಹರಣೆಗಳೂ ಈ ದೇಶದಲ್ಲಿವೆ. 1951-52ರ ಮೊದಲ ಚುನಾವಣೆಯಲ್ಲಿ ಓದಲು ಬಾರದ ಕೋಟಿಗಟ್ಟಲೆ ಜನ ಚಿಹ್ನೆ ನೋಡಿ ಮತ ಹಾಕಿದರು. ಎಂ. ಎಸ್. ಸೇಠಿ ಎಂಬ ನಕ್ಷೆಗಾರ ಚುನಾವಣಾ ಆಯೋಗಕ್ಕಾಗಿ ಪೆನ್ಸಿಲ್ ಹಿಡಿದು ಬರೆದ ಚಿತ್ರಗಳು ಇಂದಿಗೂ ಮತಪತ್ರದ ಮೇಲಿವೆ. ಬೆಂಗಳೂರಿನ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸಿದ ಮತಯಂತ್ರಕ್ಕೆ ರೂಪ ಕೊಟ್ಟವರು ಬಾಂಬೆ ಐ.ಐ.ಟಿ.ಯ ವಿನ್ಯಾಸ ಕೇಂದ್ರದ ಅಧ್ಯಾಪಕರು. ಒಂದು ಹೆಸರು, ಒಂದು ಚಿಹ್ನೆ, ಒಂದು ನೀಲಿ ಗುಂಡಿ. ಆ ಗುಂಡಿ ಒತ್ತಿದರೆ ಹಿಂದೆ ಏನೋ ಇದೆ, ಸರ್ಕಾರವೇ ಬದಲಾಗುತ್ತದೆ. 2010ರಲ್ಲಿ ರೂಪಾಯಿಗೆ ಚಿಹ್ನೆ ಬರೆದುಕೊಟ್ಟ ಡಿ. ಉದಯಕುಮಾರ್ ಅದೇ ಕೇಂದ್ರದ ವಿದ್ಯಾರ್ಥಿ. ಮುಂಬೈಯ ಏಕ್ ಟೈಪ್ ಬಳಗ ಮಾಡಿದ ‘ಬಾಲೂ ತಮ್ಮ’ ಎಂಬ ಕನ್ನಡ ಅಕ್ಷರಗಳನ್ನು ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು. ಅದರಲ್ಲಿ ‘ಚಪ್ಪಲಿ’ ಎಂದು ಬರೆದರೆ ಒತ್ತು ಒತ್ತಾಗಿಯೇ ಕೂರುತ್ತದೆ. ಬೇಕರಿ ಪ್ರಸಾದ್ ಎಂಬ ಹೆಸರಿನಲ್ಲಿ ಚಿತ್ರ ಬರೆಯುವ ಸಿದ್ಧೇಶ್ ಗೌತಮ್, ದಲಿತನಾಗಿ ನಿಂತು, ಬಾಬಾಸಾಹೇಬರನ್ನು ಲಕ್ಷಾಂತರ ಫೋನುಗಳ ಪರದೆಗೆ ತಂದಿದ್ದಾರೆ. ಇವರ್ಯಾರೂ ನಮ್ಮನ್ನು ಗೋಡೆಗೆ ಹಚ್ಚಲಿಲ್ಲ. ನಮ್ಮ ಕೈಗೆ ಏನನ್ನೋ ಕೊಟ್ಟರು.

ಆದ್ದರಿಂದ ನಮ್ಮ ಬೇಡಿಕೆ ಸರಳ. ಕೇರಿಗೆ ಬರುವ ವಿದ್ಯಾರ್ಥಿಗಳೇ, ಬನ್ನಿ. ಆದರೆ ಕೇಳಿ ಬನ್ನಿ. ನಮ್ಮ ಒಂದು ದಿನದ ಕೂಲಿಯನ್ನು ತಿಂದು ಹೋಗಬೇಡಿ; ಕೂತು ಮಾತಾಡಿಸಿದ ದಿನಕ್ಕೆ ಕೂಲಿ ಕೊಡಿ. ಮಾಡಿದ್ದನ್ನು ಮೊದಲು ನಮ್ಮ ಓಣಿಯ ಗೋಡೆಗೆ ಹಚ್ಚಿ, ಆಮೇಲೆ ನಿಮ್ಮ ಕಾಲೇಜಿನ ಗೋಡೆಗೆ. ಜ್ಯೂರಿಯಲ್ಲಿ ಅವ್ವನಿಗೂ ಒಂದು ಕುರ್ಚಿ ಇರಲಿ. ನಿಮಗೆ ಎಷ್ಟು ಮಾರ್ಕ್ಸು ಎಂದು ಆಕೆಯೂ ಹೇಳಲಿ. ಕಾಲೇಜಿನ ದೊಡ್ಡವರೇ, ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕದ ಗೇಟು ಕಟ್ಟಿ, ಆ ಗೇಟು ಕಾಯಲು ಮಾತ್ರ ನಮ್ಮ ಹುಡುಗರನ್ನು ಕರೆಯಬೇಡಿ. ಐ.ಐ.ಟಿ.ಗಳ ಡಿಸೈನ್ ಪದವಿಗೆ ನಡೆಯುವ ಯುಸೀಡ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಗೆರೆ ಎಳೆಯಲು ಇಂಗ್ಲಿಷ್ ಯಾಕೆ ಬೇಕು? ಅಳತೆಪಟ್ಟಿಯಿಲ್ಲದೆ ಕಾಲಿನ ಅಚ್ಚು ಕತ್ತರಿಸುವ ಕೈ ಇಂಗ್ಲಿಷಿನಲ್ಲಿ ಕತ್ತರಿಸುತ್ತದೆಯೇ?

ಹಳ್ಳಿಯ ಮೇಷ್ಟ್ರುಗಳೇ, ನಿಮಗೂ ಒಂದು ಮಾತು. ಇಂಕ್‌ಸ್ಕೇಪ್, ಕ್ರಿಟಾ, ಬ್ಲೆಂಡರ್ ಇವೆಲ್ಲ ಕಾಸಿಲ್ಲದೆ ಸಿಗುವ ಸಾಫ್ಟ್‌ವೇರ್‌ಗಳು. ಶಾಲೆಯಲ್ಲಿ ದೂಳು ತಿನ್ನುತ್ತಿರುವ ಆ ಒಂದು ಕಂಪ್ಯೂಟರನ್ನು ಬಟ್ಟೆ ತೆಗೆದು ಒರೆಸಿ. ರಂಪಿಗೆ ಹಿಡಿದವರ ಮಕ್ಕಳಿಗೆ ಮೌಸು ಹಿಡಿಯುವುದು ಕಷ್ಟವಲ್ಲ. ಎಪ್ಪತ್ತರ ದಶಕದಲ್ಲಿ ಪಂಚಮ, ಶೂದ್ರದಂಥ ಪತ್ರಿಕೆಗಳು ಹೊರಟಾಗ ನಮ್ಮ ಅಣ್ಣಂದಿರಿಗೆ ಯಾವ ಡಿಸೈನ್ ಕಾಲೇಜು ಕಲಿಸಿತ್ತು? ಅಚ್ಚುಮೊಳೆ ಜೋಡಿಸಿದರು, ಗೋಡೆ ಬರೆದರು, ಹಲಗೆ ಬಡಿದರು. ಊರಿಗೆ ಊರೇ ಓದಿತು. ಅದು ನಮ್ಮ ಡಿಸೈನ್.

ಇಷ್ಟೆಲ್ಲ ಬರೆದು ಅವ್ವನ ಮುಂದೆ ಓದಿದೆ. ಓದುವಾಗಲೇ ನನ್ನ ನಾಲಿಗೆ ತಡವರಿಸಿತು. ಬಿ.ಎ. ಎರಡನೇ ವರ್ಷದಲ್ಲಿ ಅವ್ವನ ಬಿರಿದ ಕೈ ಮೇಲೆ ಪದ್ಯ ಬರೆದು ನಾನೂ ಬಹುಮಾನ ಹೊಡೆದಿದ್ದೆ. ಐದು ನೂರು ರೂಪಾಯಿ, ಒಂದು ಶಾಲು. ಅವ್ವನನ್ನು ಕೇಳಿರಲಿಲ್ಲ. ನನ್ನ ಪದ್ಯದ ಹಿಂದೆ ಏನಿತ್ತು? ಆ ಹುಡುಗಿಗೂ ನನಗೂ ಇರುವ ಅಂತರ ನಾನು ಅಂದುಕೊಂಡಷ್ಟು ದೊಡ್ಡದಲ್ಲ. ಖಡ್ಗ, ಬೆಂಕಿ ಎಂದು ಬರೆಯುವ ನಾವೆಲ್ಲ ಒಮ್ಮೆ ನಮ್ಮ ಗುಂಡಿಯನ್ನೂ ಒತ್ತಿ ನೋಡಿಕೊಳ್ಳಬೇಕು.

12ನೇ ಶತಮಾನದಲ್ಲಿ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಹೊಲಿದರೆಂದು ಕತೆ. ಎಂಟು ನೂರು ವರ್ಷಗಳಲ್ಲಿ ಹೊಲಿದವನ ಹೆಸರು ಉಳಿದುಕೊಂಡ ಮೆಟ್ಟು ಅದೊಂದೇ ಇರಬೇಕು. ಮಗನಿಗೆ ಬ್ರಾಹ್ಮಣರ ಹುಡುಗಿಯನ್ನು ತಂದುಕೊಂಡದ್ದಕ್ಕೆ ಅದೇ ಹರಳಯ್ಯನನ್ನು ಎಳೆಹೂಟೆ ಕಟ್ಟಿಸಿ ಕೊಂದರು. ಹೆಸರು ಉಳಿಯಲು ನಮ್ಮವರು ತೆತ್ತ ಬೆಲೆ ಅದು.

“ನಿನ್ನ ಹೆಸರು ಹಾಕಿ ಅಚ್ಚು ಮಾಡಿಸ್ಲೇನವ್ವಾ?” ಅಂತ ಕೇಳಿದೆ. ಈ ಸಲ ಕೇಳಿದೆ. ಅವ್ವ ಉಳಿ ಕೆಳಗಿಡಲಿಲ್ಲ, ತಲೆ ಎತ್ತಲೂ ಇಲ್ಲ.

“ನಿನ್ನ ಪುಸ್ತಕದಾಗ ಬ್ಯಾಡೋ ತಮ್ಮಾ. ಚಪ್ಪಲಿ ಮ್ಯಾಲ ಹಾಕ್ಸು, ನೋಡೂಣು.”