ಕೂರಿಸಿದವರೇ ಎಬ್ಬಿಸಿದರು

2024ರ ನವೆಂಬರ್ 14ರಂದು ಇಸ್ರೇಲಿನ ನೆಗೆವ್ ಮರುಭೂಮಿಯ ಉಮ್ ಅಲ್ ಹಿರಾನ್ ಹಳ್ಳಿಗೆ ಪೊಲೀಸರು ನುಗ್ಗಿದಾಗ ಕೆಡವಲು ಉಳಿದಿದ್ದದ್ದು ಮಸೀದಿ ಮಾತ್ರ. ಮನೆಗಳನ್ನು ಊರಿನವರೇ ಮೊದಲೇ ಕೆಡವಿಕೊಂಡಿದ್ದರು. ಸರ್ಕಾರ ಕೆಡವಿದರೆ ಬುಲ್ಡೋಜರಿನ ಖರ್ಚೂ ಮನೆಯವರ ತಲೆಗೇ ಬರುತ್ತದೆಂಬ ಭಯ ಅವರಿಗೆ.

ಇದು ಅಕ್ರಮ ಕಟ್ಟಡಗಳ ತೆರವು ಎಂದು ಸಮರ್ಥಿಸುವವರು ಊರಿನ ಚರಿತ್ರೆಯನ್ನೇ ಮರೆಮಾಚುತ್ತಿದ್ದಾರೆ. ಅಬು ಅಲ್ ಕಿಯಾನ್ ಕುಲದ ಈ ಬೆಡೂಯಿನ್ ಅರಬ್ ಜನ 1948ಕ್ಕೆ ಮುಂಚೆ ವಾದಿ ಜುಬಾಲಾದಲ್ಲಿದ್ದರು. ಅಲ್ಲಿಂದ ಒಕ್ಕಲೆಬ್ಬಿಸಿದ್ದು ಇಸ್ರೇಲಿ ಸೇನೆ. 1956ರಲ್ಲಿ, ಈಗ ಯತೀರ್ ಅರಣ್ಯವಿರುವ ಭಾಗಕ್ಕೆ ತಂದು ಕೂರಿಸಿದ್ದೂ ಅದೇ ಸೇನಾಡಳಿತ. ಕುರಿ ಸಾಕಿ, ಗೋಧಿ ಬಾರ್ಲಿ ಬಿತ್ತಿ ಅರವತ್ತು ವರ್ಷಕ್ಕೂ ಮೇಲೆ ಬಾಳಿದವರನ್ನು ಈಗ ಅತಿಕ್ರಮಣಕಾರರು ಎಂದರೆ ನಾಲಿಗೆಗೆ ಮೂಳೆಯಿಲ್ಲ ಎಂದಷ್ಟೇ ಅರ್ಥ. 2015ರಲ್ಲಿ 2–1 ಬಹುಮತದಿಂದ ತೆರವಿಗೆ ಒಪ್ಪಿದ ಸುಪ್ರೀಂ ಕೋರ್ಟ್ ಕೂಡ ಇವರು ಸರ್ಕಾರದ ಅನುಮತಿಯಿಂದಲೇ ಅಲ್ಲಿದ್ದರೆಂದು ಒಪ್ಪಿತ್ತು. ಆ ಅನುಮತಿಯನ್ನು ಸರ್ಕಾರ ಹಿಂಪಡೆಯಬಹುದು ಎಂಬುದಷ್ಟೇ ಅದರ ವಾದ.

ಪರವಾನಗಿಯಿಲ್ಲದೆ ಮನೆ ಕಟ್ಟಿದ್ದು ನಿಜವಲ್ಲವೇ ಎಂದು ಕೇಳುತ್ತಾರೆ. ನಿಜ. 1965ರ ಯೋಜನಾ ಕಾನೂನು ಇಂಥ ಹಳ್ಳಿಗಳನ್ನು ನಕ್ಷೆಗೇ ಸೇರಿಸಲಿಲ್ಲ. ನಕ್ಷೆಯಲ್ಲಿಲ್ಲದ ಊರಿಗೆ ಪರವಾನಗಿ ಕೊಡುವವರು ಯಾರು? ಕರೆಂಟಿನ ಲೈನ್ ಬರಲಿಲ್ಲ, ಜನ ಸೋಲಾರ್ ಫಲಕ ಹಾಕಿಕೊಂಡರು. ನಲ್ಲಿ ಬರಲಿಲ್ಲ, ನೀರು ಹೊತ್ತು ತಂದರು.

ಹೂರಾ ಪಟ್ಟಣದಲ್ಲಿ ನಿವೇಶನ, ಪರಿಹಾರ ಕೊಡುತ್ತೇವೆಂದೆವಲ್ಲ ಎನ್ನುವುದು ಸರ್ಕಾರದ ಇನ್ನೊಂದು ಮಾತು. ಹಾಗಾದರೆ ಖಾಲಿಯಾದ ಜಾಗದಲ್ಲಿ ಏನು ಬರುತ್ತಿದೆ? ಅಣೆಕಟ್ಟಲ್ಲ, ರಸ್ತೆಯಲ್ಲ, ಇನ್ನೊಂದು ಊರು. ಅಲ್ಲಿ ನೆಲೆಸಲಿರುವ ಯಹೂದಿ ಕುಟುಂಬಗಳು ಯತೀರ್ ಕಾಡಿನ ತಾತ್ಕಾಲಿಕ ಮನೆಗಳಲ್ಲಿ ವರ್ಷಗಳಿಂದ ಕಾದಿದ್ದವು. ಹೊಸ ಊರಿನಲ್ಲೇ ನಮಗೂ ಜಾಗ ಕೊಡಿ ಎಂದು ಬೆಡೂಯಿನರು ಕೇಳಿದ್ದರು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ದಫ್ನಾ ಬರಾಕ್-ಎರೆಜ್ ಅವರೂ ಸರ್ಕಾರ ಅದನ್ನು ಪರಿಶೀಲಿಸಬೇಕೆಂದಿದ್ದರು. ಪುನರ್ವಸತಿಯ ಮಾತಿನಲ್ಲಿ ಪ್ರಾಮಾಣಿಕತೆ ಇದ್ದಿದ್ದರೆ ಅಲ್ಲಿಗೇ ತಂಟೆ ಮುಗಿಯುತ್ತಿತ್ತು.

ಈ ಹಟಕ್ಕೆ ಜೀವಗಳೂ ಹೋದವು. 2017ರ ಜನವರಿ 18ರ ನಸುಕಿನಲ್ಲಿ ಮನೆ ಬಿಟ್ಟು ಕಾರಿನಲ್ಲಿ ಹೊರಟಿದ್ದ ಗಣಿತ ಮೇಷ್ಟ್ರು ಯಾಕೂಬ್ ಅಬು ಅಲ್ ಕಿಯಾನ್ ಅವರನ್ನು ಊರಿನ ಮನೆ ಕೆಡವಲು ಬಂದಿದ್ದ ಪೊಲೀಸರು ಗುಂಡಿಕ್ಕಿ ಕೊಂದರು. ಕಾರು ನುಗ್ಗಿ ಎರೆಜ್ ಲೆವಿ ಎಂಬ ಪೊಲೀಸನೂ ಸತ್ತ. ಮೇಷ್ಟ್ರನ್ನು ಆ ದಿನವೇ ಭಯೋತ್ಪಾದಕನೆಂದು ಸಾರಿದರು. ಕಾರು ನಿಧಾನವಾಗಿ ಹೋಗುತ್ತಿದ್ದಾಗಲೇ ಗುಂಡು ಹಾರಿದ್ದು ಪೊಲೀಸರದೇ ಹೆಲಿಕಾಪ್ಟರಿನ ದೃಶ್ಯದಲ್ಲಿ ದಾಖಲಾಗಿತ್ತು. 2020ರಲ್ಲಿ ಪ್ರಧಾನಿ ನೆತನ್ಯಾಹು ಆ ಕುಟುಂಬದ ಕ್ಷಮೆ ಕೇಳಿದರು. ಕ್ಷಮೆ ಕೇಳಿಯೂ ಊರನ್ನು ಬಿಡಲಿಲ್ಲ.

ನೆಗೆವ್‌ನಲ್ಲಿ ಇಂಥ ಮಾನ್ಯತೆಯಿಲ್ಲದ ಹಳ್ಳಿಗಳು ಇನ್ನೂ ಸುಮಾರು 35 ಇವೆ. ಡಿಮೋನಾ ನಗರದ ಅಂಚಿನ ರಾಸ್ ಜ್ರಾಬಾಕ್ಕೆ, ಆ ನಗರದ ವಿಸ್ತರಣೆಗೆಂದು, 2023ರಲ್ಲಿ ತೆರವಿನ ಆದೇಶವಾಗಿದೆ. ನಮ್ಮನ್ನೂ ಡಿಮೋನಾದ ಒಂದು ಬಡಾವಣೆಯಾಗಿ ಸೇರಿಸಿಕೊಳ್ಳಿ ಎಂದು ಅಲ್ಲಿನ ಜನ ಕೇಳಿದ್ದಾರೆ. ಇದನ್ನು ನಿರಾಕರಿಸಲು ಸರ್ಕಾರಕ್ಕೆ ನ್ಯಾಯವಾದ ಒಂದೇ ಒಂದು ಕಾರಣವಿಲ್ಲ.