ಕೆಲಸ ಹೋದರೂ ಕಾರ್ಡು ಉಳಿದೀತು

ಕಾರ್ಖಾನೆಯ ಗೇಟಿಗೆ ಬೀಗ ಬಿದ್ದ ದಿನ ಕಾರ್ಮಿಕರಿಗೆ ಮೊದಲು ನೆನಪಾಗುವುದು ಮನೆ ಬಾಡಿಗೆ, ಮಕ್ಕಳ ಶಾಲೆಯ ಫೀಸು. ಆಸ್ಪತ್ರೆ ನೆನಪಾಗುವುದು ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ. ‘ಕೆಲಸವೇ ಹೋಯಿತು, ಇನ್ನು ಇ.ಎಸ್.ಐ. ಕಾರ್ಡು ಯಾಕೆ?’ ಎಂದು ಅದನ್ನು ಟ್ರಂಕಿನ ತಳಕ್ಕೆ ಸೇರಿಸಿ, ಸಾಲ ಮಾಡಿ ನರ್ಸಿಂಗ್ ಹೋಮಿಗೆ ಹಣ ತೆರುವವರೂ ಇದ್ದಾರೆ.

ಕೆಲಸ ಹೋದ ದಿನವೇ ಕಾರ್ಡಿನ ಆಯುಷ್ಯ ಮುಗಿಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕನಿಷ್ಠ 78 ದಿನಗಳ ವಂತಿಗೆ ಸಂದಾಯವಾಗಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಚಿಕಿತ್ಸೆಯ ಹಕ್ಕು ಉಂಟು. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಯ ಫಲ ಜುಲೈಯಿಂದ ಡಿಸೆಂಬರ್‌ವರೆಗೆ. ಅಂದರೆ, ವರ್ಷಗಟ್ಟಲೆ ದುಡಿದು ಸೆಪ್ಟೆಂಬರ್ ಕೊನೆಗೆ ಕೆಲಸ ಕಳೆದುಕೊಂಡವರು ಮುಂದಿನ ಜೂನ್ 30ರವರೆಗೂ ತಮ್ಮ ಇ.ಎಸ್.ಐ. ಡಿಸ್ಪೆನ್ಸರಿಯ ಮೆಟ್ಟಿಲು ಹತ್ತಬಹುದು. ದುಬಾರಿ ತಜ್ಞ ಚಿಕಿತ್ಸೆಗೆ ಮಾತ್ರ ಇನ್ನೂ ಕೆಲವು ಷರತ್ತುಗಳಿವೆ.

ಎಚ್ಚರ ಬೇಕಾದದ್ದು ಲೆಕ್ಕ ಚುಕ್ತಾ ಆಗುವ ದಿನ. ಕಾರ್ಖಾನೆ ಮುಚ್ಚಿದಾಗ ಅಥವಾ ಹೆಚ್ಚುವರಿ ಎಂದು ತೆಗೆದುಹಾಕಿದಾಗ, ಹಲವು ವರ್ಷ ವಂತಿಗೆ ಕಟ್ಟಿದವರಿಗಾಗಿ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ 2005ರಲ್ಲಿ ಬಂತು. ನಿರುದ್ಯೋಗ ಭತ್ಯೆ ಸಿಗುವಷ್ಟು ಕಾಲ ಕುಟುಂಬಕ್ಕೂ ಚಿಕಿತ್ಸೆ ಕೊಡುವ ಯೋಜನೆ ಇದು. ಆದರೆ ತಾವಾಗಿ ಬಿಟ್ಟವರಿಗೆ ಇದು ಅನ್ವಯಿಸದು. ‘ಸ್ವಂತ ಕಾರಣಗಳಿಂದ ರಾಜೀನಾಮೆ’ ಎಂಬ ಕಾಗದಕ್ಕೆ ಅವಸರದಲ್ಲಿ ರುಜು ಹಾಕಿದರೆ ಈ ಬಾಗಿಲೂ ಮುಚ್ಚಿದಂತೆ. ಹಣ ಎಣಿಸಿಕೊಳ್ಳುವ ಮೊದಲು ಕಾಗದ ಓದಬೇಕು, ಓದಲು ಬಾರದಿದ್ದರೆ ಓದಿಸಿಕೊಳ್ಳಬೇಕು.

ಕಂಪನಿಯ ಗುಂಪು ವಿಮೆಯಲ್ಲಿರುವ ಕಚೇರಿ ನೌಕರರ ಸ್ಥಿತಿ ಬೇರೆ. ಅವರ ರಕ್ಷಣೆ ಸಾಮಾನ್ಯವಾಗಿ ನೌಕರಿಯೊಂದಿಗೇ ಮುಗಿಯುತ್ತದೆ. ಕಂಪನಿ ಬಿಡುವಾಗ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳುವ ಅವಕಾಶವುಂಟು. ಅದರಿಂದ, ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಕಾಯಬೇಕಾದ ಅವಧಿಯಲ್ಲಿ ಕಳೆದ ವರ್ಷಗಳು ಜಮೆಯಾಗುತ್ತವೆ. ಆದರೆ ಅರ್ಜಿ ಕೊಡಬೇಕಾದದ್ದು ರಕ್ಷಣೆ ಮುಗಿಯುವ ಮೊದಲು; ಪ್ರೀಮಿಯಂ ಕೈಯಿಂದಲೇ.

ಇವೆರಡೂ ದಕ್ಕದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. 2018ರಲ್ಲಿ ಶುರುವಾದ ಈ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ವೆಚ್ಚದ ಶೇಕಡಾ 30ನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮೀರದಂತೆ.

ಹೊಸ ಕೆಲಸ ಎಂದು ಸಿಕ್ಕೀತೋ ಹೇಳಲಾಗದು. ಕಾಯಿಲೆಯಂತೂ ಹೇಳಿ ಕೇಳಿ ಬರುವುದಲ್ಲ. ಟ್ರಂಕಿನ ತಳದಲ್ಲಿರುವ ಕಾರ್ಡನ್ನು ಈಗಲೇ ಹೊರತೆಗೆದು ತಾರೀಖು ಲೆಕ್ಕ ಹಾಕಿಡುವುದು ಒಳ್ಳೆಯದು.