‘ಅನಾಮಲಿ’ಗೆ ಕನ್ನಡ ಶಬ್ದ ಬೇಡ

ನನ್ನ ಮಿತ್ರರೊಬ್ಬರು ಇಂಗ್ಲಿಷ್ ಪಾರಿಭಾಷಿಕ ಶಬ್ದಗಳಿಗೆ ಕನ್ನಡದ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಮೊನ್ನೆ ಮನೆಗೆ ಬಂದವರು ಕಾಫಿ ಮುಗಿಸುವ ಮೊದಲೇ ತಮ್ಮ ಅಳಲನ್ನು ತೋಡಿಕೊಂಡರು. “ನೋಡಿ, ಒಂದು ವಸ್ತು ಸರಿಯಿಲ್ಲವೆನ್ನುವುದಕ್ಕೆ ಇಂಗ್ಲಿಷಿನವನಿಗೆ ಎಷ್ಟು ಮಾತುಗಳು! ಎರರ್, ಫಾಲ್ಟ್, ಡಿಫೆಕ್ಟ್, ಫ್ಲಾ, ಬಗ್, ಗ್ಲಿಚ್, ಅನಾಮಲಿ. ನಾವೋ ಎಲ್ಲಕ್ಕೂ ‘ದೋಷ’ ಎಂದು ಒಂದೇ ಮುದ್ರೆ ಒತ್ತುತ್ತೇವೆ. ನಮ್ಮ ಭಾಷೆಯ ಬಡತನಕ್ಕೆ ಇನ್ನೇನು ಸಾಕ್ಷಿ ಬೇಕು?”

ನಾನು ಒಪ್ಪಲಿಲ್ಲ. ಕುಂದು, ಊನ, ಲೋಪ, ಐಬು, ಪ್ರಮಾದ, ಎಡವಟ್ಟು ಎಲ್ಲವೂ ನಮ್ಮಲ್ಲಿವೆ. ಬಳಸುವ ಶ್ರಮ ನಮಗೆ ಬೇಡವಾಗಿದೆ, ಅಷ್ಟೆ. ಆದರೆ ನನ್ನ ತಕರಾರು ಅದಲ್ಲ. ಆ ಸಾಲಿನ ಶಬ್ದಗಳೆಲ್ಲ ಸಂಪತ್ತೆಂದು ತಿಳಿಯುವುದೇ ತಪ್ಪು. ಕೆಲವು ದೀಪಗಳು; ಕೆಲವು ಪರದೆಗಳು.

ದೀಪಗಳನ್ನು ನಾನು ಹಳಿಯುವುದಿಲ್ಲ. ಮನುಷ್ಯ ಮಾಡುವುದು ಮಿಸ್ಟೇಕ್, ಅದರಿಂದ ಯಂತ್ರದೊಳಗೆ ಉಳಿಯುವುದು ಫಾಲ್ಟ್, ಅದು ಒಂದು ದಿನ ಕೈಕೊಟ್ಟರೆ ಫೇಲ್ಯೂರ್ ಎಂದು ಎಂಜಿನಿಯರುಗಳು ವಿಂಗಡಿಸುತ್ತಾರೆ. ಈ ಸರಪಳಿಯ ಮೊದಲ ಕೊಂಡಿಯಲ್ಲಿ ಒಬ್ಬ ಮನುಷ್ಯನಿದ್ದಾನೆ, ನೋಡಿ. ನಮ್ಮ ಲೈನ್‌ಮನ್ ಕೂಡ ಕಂಬದ ಕೆಳಗೆ ನಿಂತು “ಫಾಲ್ಟ್ ಸಿಕ್ಕಿತು” ಎಂದರೆ ಅದಕ್ಕೊಂದು ಜಾಗವಿದೆ, ದುರಸ್ತಿಯಿದೆ.

‘ಬಗ್’ ಬಂದೊಡನೆ ಆ ಮನುಷ್ಯ ಮೆಲ್ಲಗೆ ಜಾರಿಕೊಳ್ಳುತ್ತಾನೆ. ಎಡಿಸನ್ 1878ರಷ್ಟು ಹಿಂದೆಯೇ ತನ್ನ ಪತ್ರವೊಂದರಲ್ಲಿ ಯಂತ್ರದ ಸಣ್ಣಪುಟ್ಟ ತೊಡಕುಗಳನ್ನು ಹೀಗೆ ಕರೆದಿದ್ದ. 1947ರಲ್ಲಿ ಹಾರ್ವರ್ಡಿನ ಗಣಕಯಂತ್ರದೊಳಗೆ ನಿಜವಾದ ಪತಂಗವೇ ಸಿಕ್ಕಿ, ಅದನ್ನು ದಾಖಲೆ ಪುಸ್ತಕಕ್ಕೆ ಅಂಟಿಸಿದ ತಮಾಷೆಯೂ ನಡೆಯಿತು. ಆದರೆ ಪ್ರೋಗ್ರಾಮಿನಲ್ಲಿ ಹುಳು ಹೊಕ್ಕಿದೆಯೆಂದರೇನು? ಬರೆದವರು ನೋಡದಿರುವಾಗ ಅದು ಹೊರಗಿನಿಂದ ತಾನಾಗಿ ಬಂದು ಕುಳಿತಿತೆ? ಡಚ್ ಗಣಕ ವಿಜ್ಞಾನಿ ಡೈಕ್‌ಸ್ಟ್ರ 1988ರಲ್ಲಿ ಈ ಶಬ್ದವನ್ನೇ ಬಿಡಿ, ‘ಎರರ್’ ಎನ್ನಿ, ಮಾಡಿದವನು ತಾನೇ ಮಾಡಿದೆನೆಂದು ಒಪ್ಪಿಕೊಳ್ಳಲಿ ಎಂದು ವಾದಿಸಿದ. ಯಾರೂ ಕೇಳಲಿಲ್ಲ.

ಹುಳುವಿನ ಕಥೆ ಹಾಸ್ಯದಲ್ಲಿ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ಅದು ಜೈಲಿನಲ್ಲಿ ಮುಗಿಯಿತು.

ಅಲ್ಲಿನ ಅಂಚೆ ಸಂಸ್ಥೆ 1999ರಿಂದ ತನ್ನ ಶಾಖೆಗಳ ಲೆಕ್ಕವನ್ನು ‘ಹೊರೈಜನ್’ ಎಂಬ ಗಣಕ ವ್ಯವಸ್ಥೆಗೆ ಒಪ್ಪಿಸಿತು. ಶಾಖೆಗಳನ್ನು ನಡೆಸುತ್ತಿದ್ದವರು ಊರಿನ ಸಾಧಾರಣ ಜನ, ಎಷ್ಟೋ ಕಡೆ ಒಂದು ಕಿರಾಣಿ ಅಂಗಡಿಯ ಮೂಲೆಯಲ್ಲಿ. ಸಂಜೆ ಲೆಕ್ಕ ಮುಗಿಸಿದಾಗ ಪರದೆಯ ಮೇಲೆ ಸಾವಿರಾರು ಪೌಂಡು ಕೊರತೆ! ಗಲ್ಲಾಪೆಟ್ಟಿಗೆ ಎಣಿಸಿದರೂ ಅಷ್ಟೆ, ಮತ್ತೆ ಎಣಿಸಿದರೂ ಅಷ್ಟೆ. ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಶಾಖೆಯಲ್ಲಿ 2015ರಲ್ಲಿ ಪರದೆ ಕದಲದೆ ನಿಂತಿತೆಂದು ಮತ್ತೆ ಮತ್ತೆ ಗುಂಡಿ ಒತ್ತಿದ್ದಕ್ಕೆ 8,000 ಪೌಂಡಿನ ಒಂದೇ ಜಮೆ ನಾಲ್ಕು ಬಾರಿ ದಾಖಲಾಗಿ, 24,000 ಪೌಂಡು ಕಾಣೆಯಾದಂತೆ ತೋರಿತು. ಆ ಕೊರತೆಗಳನ್ನು ಕೈಯಿಂದ ತುಂಬಿಕೊಡಬೇಕೆಂಬುದು ಸಂಸ್ಥೆಯ ಹಠ. ಮನೆ ಮಾರಿ ಕಟ್ಟಿದವರಿದ್ದಾರೆ. 2015ರವರೆಗೆ 900ಕ್ಕೂ ಮೀರಿದ ಜನ ಅಪರಾಧಿಗಳೆನಿಸಿದರು. 2010ರಲ್ಲಿ ಒಬ್ಬ ಗರ್ಭಿಣಿಯನ್ನೂ ಜೈಲಿಗೆ ಕಳಿಸಿದರು. ದೂರಿದವರಿಗೆ ಸಿಕ್ಕ ಉತ್ತರ, “ಇನ್ನಾರಿಗೂ ಈ ತೊಂದರೆಯಿಲ್ಲವಲ್ಲ!” ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನಗುತ್ತೇವೆ. ಇಲ್ಲಿ ನೆಲವೇ ಡೊಂಕಾಗಿತ್ತು.

ಗಣಕದ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಯಂತ್ರ ಸರಿಯಾಗಿತ್ತೆಂದು ತೋರಿಸಬೇಕೆಂಬ ನಿಯಮವೊಂದು ಇಂಗ್ಲೆಂಡಿನಲ್ಲಿತ್ತು. 1999ರ ಕಾನೂನು ಅದನ್ನೂ ತೆಗೆದುಹಾಕಿತು. ಆಮೇಲೆ ಯಂತ್ರ ಸರಿಯೆಂದೇ ಊಹೆ. ತಪ್ಪೆಂದು ತೋರಿಸುವ ಹೊರೆ, ಯಂತ್ರದ ಒಳಗನ್ನು ಎಂದೂ ಕಾಣದ ಅಂಗಡಿಯವಳ ಮೇಲೆ.

ಈಗ ಶಬ್ದಕ್ಕೆ ಬರೋಣ. 2013ರಲ್ಲಿ ತನಿಖೆಯ ವರದಿಯೊಂದು ಹೊರಬೀಳಲಿದ್ದಾಗ, ಸಂಸ್ಥೆಯ ಮುಖ್ಯಾಧಿಕಾರಿ ಪೌಲಾ ವೆನೆಲ್ಸ್ ತಮ್ಮ ಪತಿಯನ್ನು ಒಂದು ಪ್ರಶ್ನೆ ಕೇಳಿದ್ದರು: ಬಗ್, ಗ್ಲಿಚ್, ಡಿಫೆಕ್ಟ್ ಮುಂತಾದವಕ್ಕೆ ಮನಸ್ಸನ್ನು ಕೆರಳಿಸದ ಶಬ್ದ ಯಾವುದು? ಎಂಜಿನಿಯರಾದ ಪತಿಯ ಉತ್ತರ: ‘ಎಕ್ಸೆಪ್ಷನ್’ ಅಥವಾ ‘ಅನಾಮಲಿ’. ಆಕೆ ಅದನ್ನು ಸಹೋದ್ಯೋಗಿಗಳಿಗೆ ಬರೆದು ಕಳಿಸಿದರು. ಆ ಪತ್ರ 2024ರ ವಿಚಾರಣೆಯಲ್ಲಿ ಬೆಳಕಿಗೆ ಬಂತು. ಹುಳುವಾದರೂ ಕಚ್ಚುತ್ತದೆ. ‘ಅನಾಮಲಿ’ ಗ್ರೀಕಿನಿಂದ ಬಂದ ಮರ್ಯಾದಸ್ಥ. ಖಗೋಳಶಾಸ್ತ್ರದಲ್ಲಿ ಗ್ರಹಗಳ ಗತಿಯನ್ನು ಅಳೆಯುವ ಒಂದು ಕೋನಕ್ಕೆ ಆ ಹೆಸರಿದೆ. ಅಂತಹ ಶಬ್ದವನ್ನು ಆಕಾಶದಿಂದಿಳಿಸಿ ಅಂಚೆ ಕಚೇರಿಯ ಗಲ್ಲೆಯಲ್ಲಿ ಕೂರಿಸಿದರು.

ಇನ್ನೊಂದು ಕಡೆ ನೋಡಿ. ಶಾಖೆ ನಡೆಸುವವರ ಮೇಲಿನ ಆರೋಪಪಟ್ಟಿಗೆ ಇಷ್ಟು ನಾಜೂಕಾದ ಶಬ್ದವನ್ನು ಯಾರಾದರೂ ಹುಡುಕಿದರೆ? ಅಲ್ಲಿದ್ದುದು ಕಳ್ಳತನ, ಸುಳ್ಳುಲೆಕ್ಕ, ವಂಚನೆ. ಯಂತ್ರದ ಮನ ನೋಯಬಾರದೆಂದು ಕೋಶ ತೆರೆದವರಿಗೆ ಮನುಷ್ಯರ ಮನ ನೋಯುವುದು ಹೊಳೆಯಲಿಲ್ಲ. ಈ ಪ್ರಕರಣದಿಂದ ಕನಿಷ್ಠ 13 ಮಂದಿ ಆತ್ಮಹತ್ಯೆ ಮಾಡಿಕೊಂಡಿರಬಹುದೆಂದು ವಿಚಾರಣೆಯ 2025ರ ವರದಿ ಹೇಳುತ್ತದೆ.

2019ರ ತೀರ್ಪು ‘ಬಗ್, ಎರರ್, ಡಿಫೆಕ್ಟ್’ ಎಂಬ ಒರಟು ಮಾತುಗಳಲ್ಲೇ ವ್ಯವಸ್ಥೆಯ ಹುಳುಕನ್ನು ಬಿಚ್ಚಿಟ್ಟಿತು. 2024ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ನೂರಾರು ಶಿಕ್ಷೆಗಳನ್ನು ರದ್ದುಮಾಡಿತು.

ಇದನ್ನೆಲ್ಲ ಮಿತ್ರರಿಗೆ ಹೇಳಿದೆ. ನಮ್ಮ ಪತ್ರಿಕೆಗಳೂ ‘ತಾಂತ್ರಿಕ ದೋಷ’ವೆಂದು ಬರೆದು ಕೈತೊಳೆದುಕೊಳ್ಳುವುದಿಲ್ಲವೆ ಎಂದು ಅವರು ಕೆಣಕಿದರು. ಹೌದು, ಅದೂ ಪರದೆಯೇ. ಆದರೆ ಹರಿದ ಪರದೆ. ‘ತಪ್ಪು’ ಎಂದೊಡನೆ “ಯಾರ ತಪ್ಪು?” ಎಂದು ಕನ್ನಡದವನ ಬಾಯಿಗೆ ತಾನಾಗಿ ಬರುತ್ತದೆ, “ಯಾರ ಅನಾಮಲಿ?” ಎಂದು ಯಾರು ಕೇಳುತ್ತಾರೆ? ಅವರ ಪಟ್ಟಿಯಲ್ಲಿ ಆಗಲೇ ‘ಅಸಂಗತಿ’ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಗ್ರಹಗಳಿಗೆ ಬೇಕಾದರೆ ಅದು ಇರಲಿ, ಲೆಕ್ಕದ ಪುಸ್ತಕಕ್ಕೆ ಮಾತ್ರ ಅಳಿಸಿಬಿಡಿ ಎಂದೆ. ಅವರು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅಳಿಸಿದರೋ ಇಲ್ಲವೋ ಇನ್ನೂ ತಿಳಿಸಿಲ್ಲ.